ಎರಡು ದಿನದ ರಜೆಗೆ ಯಾವ ರಾಜಧಾನಿ?



ರಜೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಾಡಿನ ಕೋರಿಕೆಗಳ ನಡುವೆ 'ಶನಿವಾರ, ಭಾನುವಾರದ ಜೊತೆ ಒಂದು ಸೋಮವಾರವೂ ಸಿಕ್ಕಿದೆ, ಮಕ್ಕಳಿಗೆ ಯಾವುದಾದರೂ ಇತಿಹಾಸದ ಊರು ತೋರಿಸಬೇಕು, ಎಲ್ಲಿಗೆ ಹೋಗೋಣ?' ಎಂಬ ಪ್ರಶ್ನೆ ಇಣುಕುತ್ತದೆ. ಕೊನೆಯ ಸಾಲು ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ: 'ಮೈಸೂರು, ಹಂಪಿ ಆಗಿದೆ.'

ಹಂಪಿ 'ಆಗಿದೆ' ಎಂದರೆ ನಂಬುವುದು ಕಷ್ಟ. ಇರಲಿ, ಅದು ಬೇರೆ ಮಾತು. ಮುಂಬಯಿಯ ನಮ್ಮ ಜನರಲ್ಲಿ ಬಹಳ ಮಂದಿ ಕರಾವಳಿಯವರು. ರಜೆ ಎಂದರೆ ಊರು, ಊರು ಎಂದರೆ ಕೊಂಕಣ ರೈಲು. ಸೊಲ್ಲಾಪುರದ ದಾರಿಯ ರೈಲು ಹತ್ತುವುದು ಬೆಂಗಳೂರಿನಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದಾಗ ಮಾತ್ರ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಕಲಬುರಗಿ ನಿಲ್ದಾಣದಲ್ಲಿ ಕಿಟಕಿಯಿಂದಲೇ ಚಹಾ ತೆಗೆದುಕೊಂಡು ಮುಂದೆ ಸಾಗುತ್ತೇವೆ. ಆ ನಿಲ್ದಾಣದಲ್ಲಿ ಇಳಿದು ಊರೊಳಗೆ ಏನಿದೆ ಎಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಮುಂಬಯಿಯಿಂದ ಮೈಸೂರಿಗೆ ಹೋಗುವ ಅರ್ಧ ದಾರಿಯಲ್ಲೇ ಸಿಗುವ ರಾಜಧಾನಿಗಳನ್ನು ನಾವು ನಿದ್ದೆಯಲ್ಲಿ ದಾಟಿಬಿಡುತ್ತೇವೆ. ಆದ್ದರಿಂದ ಈ ಸಲದ ಪುಟದಲ್ಲಿ ಆ ಕಡೆಯ ಊರುಗಳ ಬಗ್ಗೆಯೇ ನಾಲ್ಕು ಮಾತು.

ಎರಡೇ ದಿನ ಇದ್ದಾಗ ಹಳೆಯ ಊರನ್ನು ಆರಿಸುವುದು ಹೇಗೆ? ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ ಒಂದು ದಿನಕ್ಕೆ ಒಂಬತ್ತು 'ಪಾಯಿಂಟು' ಇರುತ್ತವೆ. ಗಾಡಿ ಇಳಿದು, ಫೋಟೋ ತೆಗೆದು, ಮತ್ತೆ ಗಾಡಿ ಹತ್ತುವುದು. ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈ ಊರಿನ ಕೈಯಿಂದ ರಾಜಧಾನಿಯ ಪಟ್ಟ ಯಾವಾಗ ತಪ್ಪಿತು? ಕೊನೆಯವರೆಗೂ ರಾಜಧಾನಿಯಾಗಿಯೇ ಉಳಿದ ಊರು ತನ್ನ ಮೇಲೆ ತಾನೇ ಹೊಸ ಊರನ್ನು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಹೈದರಾಬಾದಿನಲ್ಲಿ ಚಾರ್ ಮಿನಾರ್ ನೋಡುವಷ್ಟೇ ಹೊತ್ತು ಅದರ ಸುತ್ತಲಿನ ವಾಹನಗಳನ್ನೂ ನೋಡಬೇಕು. ಬೇಗ ಪಟ್ಟ ಕಳೆದುಕೊಂಡ ಊರಿನಲ್ಲಿ ಕೋಟೆ, ಪೇಟೆ, ಗೋರಿ, ಬಾವಿ ಎಲ್ಲವೂ ಇದ್ದಲ್ಲೇ ಉಳಿದುಬಿಡುತ್ತವೆ. ಕಾಲ್ನಡಿಗೆಯಲ್ಲೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಮಕ್ಕಳಿಗೂ ಊರಿನ ಆಕಾರ ತಲೆಯಲ್ಲಿ ಕೂರುತ್ತದೆ.

ಈ ಲೆಕ್ಕದಲ್ಲಿ ಮೊದಲು ನೆನಪಾಗುವುದು ದೇವಗಿರಿ, ಅಂದರೆ ದೌಲತಾಬಾದ್. ಮುಂಬಯಿ, ಪುಣೆಯವರಿಗೆ ತೀರ ಹತ್ತಿರ. ಸೇವುಣರ ಐದನೇ ಭಿಲ್ಲಮ 12ನೇ ಶತಮಾನದ ಕೊನೆಯಲ್ಲಿ ರಾಜಧಾನಿ ಮಾಡಿಕೊಂಡ ಬೆಟ್ಟ ಇದು. ಈ ಸೇವುಣರು ಹಾಕಿಸಿದ ಶಾಸನಗಳಲ್ಲಿ ಕನ್ನಡದವು ಬಹಳ ಇವೆ ಎನ್ನುವುದನ್ನು ಮಹಾರಾಷ್ಟ್ರದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಳುವವರಿಲ್ಲ. 1296ರಲ್ಲಿ ಅಲಾವುದ್ದೀನ್ ಖಿಲ್ಜಿ ಇಲ್ಲಿಗೆ ನುಗ್ಗಿದ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ಜನರನ್ನು ಇಲ್ಲಿಗೆ ಸಾಗಿಸಿದ. ಪಕ್ಕದಲ್ಲೇ ಎಲ್ಲೋರ, ಅಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯ. ನೋಡಲೇಬೇಕಾದ ಜಾಗವೇ ಸರಿ. ಆದರೆ ದೇವಗಿರಿಯಲ್ಲಿ ಈಗ ಇರುವುದು ಕೋಟೆ, ಊರಲ್ಲ. ಬೆಟ್ಟದ ನೆತ್ತಿಯವರೆಗೆ ಹತ್ತಿ ಇಳಿದರೆ ಮೊದಲ ದಿನ ಮುಗಿಯಿತು, ಎರಡನೆಯ ದಿನ ಮೊಣಕಾಲು ನೋವು.

ಇನ್ನು ಕಲಬುರಗಿ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ಕಟ್ಟಿದ ರಾಜ್ಯಕ್ಕೆ ರಾಜಧಾನಿಯಾದ ಊರು. ಕೋಟೆಯೊಳಗಿನ ಮಸೀದಿ 1367ರದ್ದು. ಸಾಮಾನ್ಯವಾಗಿ ಜಾಮಿ ಮಸೀದಿಗಳ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಇಲ್ಲ. ಇಡೀ ಮಸೀದಿಯ ಮೇಲೆ ಸಣ್ಣ ಸಣ್ಣ ಗುಮ್ಮಟಗಳ ಛಾವಣಿ. ಒಳಗೆ ಕಮಾನಿನ ಹಿಂದೆ ಕಮಾನು. ಬೇಸಿಗೆಯಲ್ಲಿ ಒಳಗೆ ಹೆಜ್ಜೆಯಿಟ್ಟ ತಕ್ಷಣ ಮೈ ತಂಪಾಗುತ್ತದೆ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಎರಡಕ್ಕೂ ಇಂದಿಗೂ ಜನ ಮುಗಿಬೀಳುತ್ತಾರೆ. ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಇದೆ. ಅದೇ ಅಮೋಘವರ್ಷ ನೃಪತುಂಗನ ಮಾನ್ಯಖೇಟ. 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಇನ್ನೂ ಮುಂದೆ ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿ. ಅಲ್ಲಿನ ಬೌದ್ಧ ಸ್ತೂಪದ ಶಿಲ್ಪವೊಂದರಲ್ಲಿ ಅಶೋಕನ ಚಿತ್ರವೂ ಅದರ ಮೇಲೆ 'ರಾಯೋ ಅಸೋಕೋ' ಎಂಬ ಬರಹವೂ ಸಿಕ್ಕಿವೆ. ಇಷ್ಟೆಲ್ಲಾ ಇದ್ದರೂ ಕಲಬುರಗಿಯನ್ನು ನಾನು ಎರಡನೆಯ ಭೇಟಿಗೆ ಇಡುತ್ತೇನೆ. ಊರು ದೊಡ್ಡದಾಗಿ ಬೆಳೆದಿದೆ. ಮಳಖೇಡದಲ್ಲಿ ಕಣ್ಣಿಗೆ ಕಾಣುವುದು ಸ್ವಲ್ಪ, ಓದಿಕೊಂಡು ಹೋದವರಿಗೆ ಕಾಣುವುದು ಬಹಳ. ಹತ್ತು ವರ್ಷದ ಹುಡುಗನನ್ನು ಅಲ್ಲಿ ನಿಲ್ಲಿಸಿ 'ಇದೇ ಮಾನ್ಯಖೇಟ' ಎಂದರೆ 'ಎಲ್ಲಿ?' ಎನ್ನುತ್ತಾನೆ.

ಹುಡುಗರು ಕೂಡಲೇ ಒಪ್ಪುವ ಊರು ವಿಜಯಪುರ. 2014ರ ನವೆಂಬರ್ 1ರವರೆಗೆ ಬಿಜಾಪುರ. ಸೊಲ್ಲಾಪುರದಿಂದ ಸುಮಾರು ನೂರು ಕಿಲೋಮೀಟರ್. ಮಹಾರಾಷ್ಟ್ರದ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಇತಿಹಾಸ ಎಂದರೆ ಶಿವಾಜಿ ಮಹಾರಾಜರ ಚರಿತ್ರೆ. ಹಾಗಾಗಿ ಇಲ್ಲಿನ ನಮ್ಮ ಮಕ್ಕಳಿಗೆ ಬಿಜಾಪುರ ಎಂದರೆ ಅಫ್ಜಲ್ ಖಾನ್ ಹೊರಟು ಬಂದ ಊರು, ಅಷ್ಟೇ. ಶಿವಾಜಿಯ ತಂದೆ ಶಹಾಜಿ ಅದೇ ಆದಿಲ್‌ಶಾಹಿಯ ಸರದಾರರಾಗಿದ್ದರು, ಬೆಂಗಳೂರು ಅವರ ಜಹಗೀರಾಗಿತ್ತು ಎನ್ನುವ ಮಾತನ್ನು ಗೋಲ ಗುಮ್ಮಟದ ಮೆಟ್ಟಿಲು ಹತ್ತುವಾಗ ಹೇಳಿ ನೋಡಿ. ಮಕ್ಕಳ ಮುಖದಲ್ಲಿ ಲೆಕ್ಕ ತಪ್ಪಿದಂಥ ಒಂದು ಭಾವ ಬರುತ್ತದೆ. ಬರಲಿ, ಒಳ್ಳೆಯದೇ.

ಗೋಲ ಗುಮ್ಮಟ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಷಾನ ಗೋರಿ. ಹೊರಗಿನಿಂದ ಅಳೆದರೆ ಗುಮ್ಮಟದ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ಒಂದೂ ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳು ಚೌಕದ ಕೋಣೆಯನ್ನು ಮೇಲಕ್ಕೆ ಹೋದಂತೆ ದುಂಡಗೆ ಮಾಡಿ ಆ ಭಾರವನ್ನು ಹೊತ್ತಿವೆ. ಗ್ಯಾಲರಿಯಲ್ಲಿ ಈ ತುದಿಯಲ್ಲಿ ಪಿಸುಗುಟ್ಟಿದ್ದು ಆ ತುದಿಗೆ ಕೇಳುತ್ತದೆ. ಮೈಕಿನ ಮುಂದೆ ಕೂತು ಅನ್ನ ತಿನ್ನುವ ನನ್ನಂಥವರಿಗೆ ಅದು ಹೊಟ್ಟೆಕಿಚ್ಚು ಹುಟ್ಟಿಸುವ ಜಾಗ. ಆದರೆ ಒಂದು ಮಾತು: ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಅಲ್ಲಿ ಪಿಸುಮಾತು ಕೇಳುವುದಿರಲಿ, ನಿಮ್ಮ ಕೂಗೂ ನಿಮಗೆ ಕೇಳುವುದಿಲ್ಲ. ನನಗೆ ಕೇಳಿದರೆ ಇದಕ್ಕಿಂತ ಚೆಲುವು ಊರಿನ ಇನ್ನೊಂದು ತುದಿಯ ಇಬ್ರಾಹಿಂ ರೋಜಾ. ಎರಡನೇ ಇಬ್ರಾಹಿಂ ಆದಿಲ್ ಷಾ (1580-1627) ಸಂಗೀತದ ಹುಚ್ಚ. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದವನು, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದುಕೊಂಡ ಮೇಲೆ ಬಿಜಾಪುರ ಮತ್ತೆ ರಾಜಧಾನಿಯಾಗಲಿಲ್ಲ. ಎರಡು ದಿನಕ್ಕೆ ಬಿಜಾಪುರ ಸರಿಯಾದ ಊರು, ಅನುಮಾನವೇ ಇಲ್ಲ.

ಆದರೂ ಈ ಸಲ ಕೇಳಿದವರಿಗೆ ನಾನು ಹೇಳುತ್ತಿರುವ ಹೆಸರು ಬೀದರ್. ಕಾರಣ ಒಬ್ಬ ಮನುಷ್ಯ. ಕಟ್ಟಡಗಳು ಆಮೇಲೆ.

ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ಒಯ್ದವನು ಅಹ್ಮದ್ ಷಾ, 15ನೇ ಶತಮಾನದ ಮೊದಲರ್ಧದಲ್ಲಿ. ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಮೊಲವನ್ನು ಕಂಡು 'ಇದು ಗಂಡುಮೆಟ್ಟಿನ ನೆಲ' ಎಂದು ಇಲ್ಲಿಗೆ ಬಂದನಂತೆ. ಈ ಮೊಲ ನಮ್ಮ ನಾಡಿನ ಎಷ್ಟು ರಾಜಧಾನಿಗಳ ಕಥೆಯಲ್ಲಿ ಓಡಿದೆಯೋ ಏನೋ! ಮೊಲವನ್ನು ಬಿಟ್ಟು ನೋಡಿದರೂ ಕಾರಣ ಇದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಬಯಲು, ತಂಪು ಗಾಳಿ, ರಾಜ್ಯದ ಎಲ್ಲ ಗಡಿಗಳಿಗೂ ಕಲಬುರಗಿಗಿಂತ ಸಮನಾದ ದೂರ. ಕೋಟೆಯ ಕಂದಕವನ್ನು ನೋಡಿದರೆ ಅಗೆದದ್ದಲ್ಲ, ಕಲ್ಲನ್ನೇ ಕೊರೆದದ್ದು ಎಂದು ತಿಳಿಯುತ್ತದೆ. ಒಂದು ಕಡೆಯಲ್ಲಿ ಸಾಲಾಗಿ ಮೂರು ಕಂದಕಗಳು, ನಡುವೆ ಕಲ್ಲಿನದೇ ಗೋಡೆ. ಒಳಗೆ ರಂಗೀನ್ ಮಹಲ್ ಇದೆ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ. ಕಾವಲುಗಾರರು ಬಾಗಿಲು ತೆರೆದರೆ ನಿಮ್ಮ ಪುಣ್ಯ, ಬೀಗ ಹಾಕಿದ್ದರೆ ಕೇಳಿ ತೆಗೆಸಿಕೊಳ್ಳಿ.

ಎತ್ತರದ ಬಯಲು ಎಂದರೆ ನೀರಿನ ಕಷ್ಟ. ಅದಕ್ಕೆ ಅವರು ಪರ್ಷಿಯಾದ ಉಪಾಯ ತಂದರು. ನೌಬಾದಿನ ಬಳಿ ನೆಲದಡಿಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಗಳು. ಪಂಪಿಲ್ಲ, ಏತವಿಲ್ಲ, ಇಳಿಜಾರಿನ ಮೇಲೆಯೇ ನೀರು ತಾನಾಗಿ ಹರಿದು ಬರಬೇಕು. ಪುಸ್ತಕದಲ್ಲಿ ಇದನ್ನು ಕರೇಜ್ ಎನ್ನುತ್ತಾರೆ, ಊರವರ ಬಾಯಲ್ಲಿ ಸುರಂಗ ಬಾವಿ. ಹೂಳು ತುಂಬಿ ಮರೆತೇ ಹೋಗಿದ್ದ ಇದನ್ನು 2010ರ ದಶಕದಲ್ಲಿ ಸ್ವಚ್ಛ ಮಾಡಲು ತೊಡಗಿದಾಗ ಹಲವು ಬಾವಿಗಳು ಮತ್ತೆ ಬೆಳಕು ಕಂಡವು. ಟ್ಯಾಂಕರ್ ಬಂತೇ ಎಂದು ಬೆಳಗಾದರೆ ಕಿಟಕಿಯಲ್ಲಿ ಇಣುಕುವ ನಮ್ಮ ಸೊಸೈಟಿಗಳವರು ಇದನ್ನು ನೋಡಲೇಬೇಕು!

ಈಗ ಆ ಮನುಷ್ಯನ ಮಾತಿಗೆ ಬರೋಣ. ಮಹಮೂದ್ ಗವಾನ್. ಶಾಲೆಯ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಇವನನ್ನು ನಾವೆಲ್ಲ ಬರೆದಿದ್ದೇವೆ. ಇರಾನಿನ ಗೀಲಾನ್ ಪ್ರಾಂತ್ಯದವನು. ವ್ಯಾಪಾರಿಯಾಗಿ ಸಮುದ್ರ ದಾಟಿ 1450ರ ದಶಕದಲ್ಲಿ ಬೀದರಿಗೆ ಬಂದ. ಬಂದಾಗ ಹುಡುಗನಲ್ಲ, ನಲವತ್ತರ ವಯಸ್ಸು. ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದವನು, ನಮ್ಮ ಅಜ್ಜಂದಿರ ಹಾಗೆ ಎನ್ನಿ. ಒಬ್ಬ ಸುಲ್ತಾನನ ನಂತರ ಇನ್ನೊಬ್ಬನ ಬಳಿ ಕೆಲಸ ಮಾಡುತ್ತ ಪ್ರಧಾನಿಯಾದ. ಸುಲ್ತಾನರು ಚಿಕ್ಕವರಾಗಿದ್ದಾಗ ರಾಜ್ಯವನ್ನು ಬೀಳದಂತೆ ಹಿಡಿದವನೂ ಅವನೇ. 1472ರ ಹೊತ್ತಿಗೆ ಗೋವೆಯನ್ನು ವಿಜಯನಗರದ ಕೈಯಿಂದ ಕಿತ್ತುಕೊಂಡಿದ್ದ. ಅದೇ 1472ರಲ್ಲಿ ಬೀದರಿನ ಪೇಟೆಯ ನಡುವೆ ಒಂದು ಮದರಸಾ ಕಟ್ಟಿ ಮುಗಿಸಿದ.

ಆ ಮದರಸಾದ ಎದುರು ಇವತ್ತಿಗೂ ನಿಲ್ಲಬಹುದು. ಮೂರು ಅಂತಸ್ತು, ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು. ಪ್ರತಿ ಕೋಣೆಗೂ ಗಾಳಿ ಬೆಳಕು ಬರುವ ಹಾಗೆ ಲೆಕ್ಕ ಹಾಕಿ ಕಟ್ಟಿದ್ದಾರೆ. ಮೂರು ಸಾವಿರ ಪುಸ್ತಕಗಳಿದ್ದವು ಎನ್ನುತ್ತಾರೆ. ಮುಂಭಾಗಕ್ಕೆಲ್ಲ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೆಂಚು ಹೊದಿಸಿದ್ದರು, ಸಮರ್‌ಕಂದ್ ಕಡೆಯ ಕಟ್ಟಡಗಳ ಹಾಗೆ. ಎರಡು ಮಿನಾರುಗಳಲ್ಲಿ ಈಗ ಒಂದೇ ಇದೆ. ಔರಂಗಜೇಬನ ಕಾಲದಲ್ಲಿ ಇದನ್ನು ಸೈನ್ಯದ ವಶಕ್ಕೆ ಕೊಟ್ಟು ಒಳಗೆ ಮದ್ದು ತುಂಬಿದ್ದರು. 1696ರಲ್ಲಿ ಅದು ಸಿಡಿದು ಮುಂಭಾಗದ ಅರ್ಧ, ಹೆಬ್ಬಾಗಿಲು, ಇನ್ನೊಂದು ಮಿನಾರು ಎಲ್ಲ ಹಾರಿಹೋದವು. ಉಳಿದ ಮಿನಾರಿನ ಮೈಮೇಲೆ ಅಂಕುಡೊಂಕಿನ ನೀಲಿ ಪಟ್ಟಿ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ. ಮಕ್ಕಳಿಗೆ ಹೇಳಬೇಕಾದ್ದು ಇಷ್ಟೇ: ಇದು ಹಾಸ್ಟೆಲ್ಲು ಮತ್ತು ಲೈಬ್ರರಿ, ಅರಮನೆಯಲ್ಲ. ರಾಜಧಾನಿಯ ಅತಿ ಚೆಂದದ ಕಟ್ಟಡವನ್ನು ಓದುವ ಹುಡುಗರಿಗೆ ಕೊಟ್ಟಿದ್ದರು.

ಗವಾನನ ಕಾಲದ ಬೀದರನ್ನು ಕಣ್ಣಾರೆ ಕಂಡು ಬರೆದಿಟ್ಟವನೊಬ್ಬನಿದ್ದಾನೆ. ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ಅವನು ಹಡಗಿನಿಂದ ಇಳಿದದ್ದು ಅಲಿಬಾಗ್ ಹತ್ತಿರದ ಚೌಲ್‌ನಲ್ಲಿ, ನಾವು ಭಾನುವಾರ ಬೀಚಿಗೆ ಹೋಗುವ ಕಡೆ. ಮಾರಲೆಂದು ಒಂದು ಕುದುರೆ ತಂದಿದ್ದ. ಜುನ್ನರ್‌ನ ಖಾನ ಅದನ್ನು ಕಿತ್ತುಕೊಂಡು ಸತಾಯಿಸಿದ. ಹೇಗೋ ಬಿಡಿಸಿಕೊಂಡು ಬೀದರಿಗೆ ಬಂದು ಮಾರಿದ. ಅವನ ಬರಹದಲ್ಲಿ ಆನೆ, ಬೆಳ್ಳಿ ಪಲ್ಲಕ್ಕಿ, ಸುಲ್ತಾನನ ಸವಾರಿ ಎಲ್ಲವೂ ಇವೆ. ಜೊತೆಗೆ ಇನ್ನೊಂದು ಮಾತೂ ಇದೆ: ಇಲ್ಲಿ ಜನ ಬಹಳ, ಹಳ್ಳಿಯವರು ತೀರ ಬಡವರು, ಅಮೀರರು ಮಾತ್ರ ವಿಪರೀತ ಸಿರಿವಂತರು. ಆಸ್ಥಾನದ ಬರಹಗಾರರು ಬರೆಯದ ಸಂಗತಿಯನ್ನು ಕುದುರೆ ಮಾರಲು ಬಂದವನು ಬರೆದ.

ಆ ಅಮೀರರು ಎರಡು ಪಾಳಯವಾಗಿದ್ದರು. ತಲೆಮಾರುಗಳಿಂದ ಇಲ್ಲೇ ನೆಲೆ ನಿಂತವರು ದಖನಿಗಳು. ಇರಾನ್, ತುರ್ಕಿ, ಅರಬ್ ಕಡೆಯಿಂದ ಹೊಸದಾಗಿ ಬಂದವರು ಆಫಾಕಿಗಳು, ಅಂದರೆ ಪರದೇಶಿಗಳು. ಇವರಿಬ್ಬರ ಜಗಳ ಬರಿಯ ಮಾತಿನ ಜಗಳವಲ್ಲ. 1440ರ ದಶಕದಲ್ಲಿ ಪುಣೆಯ ಬಳಿಯ ಚಾಕಣದಲ್ಲಿ ಆಫಾಕಿಗಳ ಸಾಮೂಹಿಕ ಕೊಲೆಯೇ ನಡೆದಿತ್ತು. ಇವತ್ತು ಕಾರು ಫ್ಯಾಕ್ಟರಿಗಳಿರುವ ಅದೇ ಚಾಕಣ. ದಖನಿಗಳ ವಾದ ಸರಳ: ನಾವು ಕಟ್ಟಿದ ರಾಜ್ಯ, ನಿನ್ನೆ ಹಡಗಿಳಿದವರಿಗೆ ಪದವಿ. ಬಂದವರ ವಾದವೂ ಸರಳವೇ: ಕೆಲಸ ಬಲ್ಲವರು ನಾವು, ಕೆಲಸ ಮಾಡುತ್ತಿರುವವರೂ ನಾವೇ. ಈ ಎರಡೂ ವಾದಗಳನ್ನು ನಮ್ಮ ಕೇಳುಗರು ಬೇರೆ ಕಡೆಯೂ ಕೇಳಿರಬೇಕು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗು ಎದ್ದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಕಂಡ ಹಿರಿಯರು ನಮ್ಮ ಕೇಳುಗರಲ್ಲಿ ಇನ್ನೂ ಇದ್ದಾರೆ. ಅದೇ ವಾದವನ್ನು ಇನ್ನೊಂದು ಊರಿನಲ್ಲಿ ನಮ್ಮವರೇ ಇನ್ನೊಬ್ಬರ ವಿರುದ್ಧ ಆಡುವುದನ್ನೂ ಕೇಳಿದ್ದೇವೆ.

ಗವಾನ್ ಸ್ವತಃ ಪರದೇಶಿ. ಆದರೆ ತನ್ನವರನ್ನೇ ತುಂಬಿಕೊಳ್ಳಲಿಲ್ಲ. ಪ್ರಾಂತ್ಯಗಳ ಅಧಿಕಾರವನ್ನು ಎರಡು ಪಾಳಯಕ್ಕೂ ತೂಗಿ ಹಂಚಿದ. ಆಮೇಲೆ ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಒಡೆದು ಎಂಟು ಮಾಡಿದ. ಒಬ್ಬ ಅಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರಬೇಕು, ಉಳಿದ ಕೋಟೆಗಳ ಕಿಲ್ಲೇದಾರರು ನೇರವಾಗಿ ಸುಲ್ತಾನನಿಗೆ ಉತ್ತರ ಕೊಡಬೇಕು ಎಂದ. ಭೂಮಿ ಅಳೆಸಿ ಕಂದಾಯ ಗೊತ್ತುಮಾಡಿದ. ರಾಜ್ಯಕ್ಕೆ ಒಳ್ಳೆಯದಾಯಿತು, ಅಮೀರರ ಜೇಬಿಗೆ ಕತ್ತರಿ ಬಿತ್ತು. ಅಲ್ಲಿಗೆ ಅವನ ಅಳಿವಿಗೆ ದಿನ ಎಣಿಕೆ ಶುರುವಾಯಿತು.

ನಡೆದದ್ದು ಹೀಗೆ. ಗವಾನನ ಮುದ್ರೆ ಕಾಯುವವನನ್ನು ವಿರೋಧಿಗಳು ಒಲಿಸಿಕೊಂಡು ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಆಮೇಲೆ ಅದರ ಮೇಲೆ ಒರಿಸ್ಸಾದ ರಾಜನಿಗೆ ಬರೆದಂತೆ ಒಂದು ಪತ್ರ ಬರೆದರು: ಸುಲ್ತಾನ ಕುಡುಕ, ನೀವು ದಂಡೆತ್ತಿ ಬನ್ನಿ, ನಾನು ಒಳಗಿನಿಂದ ಸಹಾಯ ಮಾಡುತ್ತೇನೆ, ಎಂಬ ಅರ್ಥದ್ದು. ಆಗ ದಂಡು ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ಪತ್ರವನ್ನು ಮೂರನೇ ಮಹಮ್ಮದ್ ಷಾನ ಕೈಗೆ ಕೊಟ್ಟದ್ದು ಅವನು ಕುಡಿದಿದ್ದಾಗಲೇ. ಗವಾನನನ್ನು ಕರೆಸಿ ಕೇಳಿದ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ಗವಾನ್. ವಿಚಾರಣೆ ಎನ್ನುವುದು ಅಷ್ಟರಲ್ಲೇ ಮುಗಿಯಿತು. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಆ ಮುದುಕನ ತಲೆ ಹೊಡೆದರು.

ಆಮೇಲೆ ಸುಲ್ತಾನ ಗವಾನನ ಖಜಾನೆ ತರಿಸಿದ. ಇಷ್ಟು ವರ್ಷ ಪ್ರಧಾನಿಯಾಗಿದ್ದವನ ಮನೆಯಲ್ಲಿ ರಾಶಿ ರಾಶಿ ಇರಬೇಕಲ್ಲ? ಇರಲಿಲ್ಲ. ಜಹಗೀರಿನ ಆದಾಯ ಸೈನ್ಯದ ಸಂಬಳಕ್ಕೂ ಬಡವರಿಗೂ ಹೋಗುತ್ತಿತ್ತಂತೆ. ತನ್ನ ಖರ್ಚಿಗೆ ತನ್ನ ಹಳೆಯ ವ್ಯಾಪಾರದ ಲಾಭ, ಮಲಗಲು ಚಾಪೆ, ಅಡುಗೆಗೆ ಮಣ್ಣಿನ ಮಡಕೆ. ನೂರು ವರ್ಷದ ನಂತರ ಬರೆದ ಇತಿಹಾಸಕಾರ ಫೆರಿಷ್ತಾ ಹೇಳುವ ಮಾತು ಇದು. ಸ್ವಲ್ಪ ಭಕ್ತಿ ಬೆರೆತಿರಬಹುದು, ಸುಳ್ಳೆನಿಸುವುದಿಲ್ಲ. ಸುಲ್ತಾನ ಒಂದು ವರ್ಷ ಕೂಡ ಬದುಕಲಿಲ್ಲ. ಇನ್ನೈವತ್ತು ವರ್ಷಗಳೊಳಗೆ ರಾಜ್ಯ ಐದು ಹೋಳಾಯಿತು: ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್. ಗಮನಿಸಿ, ಬಿಜಾಪುರ ಕಟ್ಟಿದ ಯೂಸುಫ್ ಆದಿಲ್ ಖಾನ್ ಗವಾನನ ಆಶ್ರಯದಲ್ಲಿ ಬೆಳೆದ ಪರದೇಶಿ. ಅಹಮದ್‌ನಗರ ಕಟ್ಟಿದವನು, ಪಿತೂರಿಯ ಮುಖಂಡ ಎನ್ನಿಸಿಕೊಂಡ ದಖನಿ ಮಲಿಕ್ ಹಸನನ ಮಗ. ಬೀದರಿನ ಆಸ್ಥಾನದ ಜಗಳವೇ ಹೀಗೆ ಎರಡು ರಾಜ್ಯಗಳಾಗಿ ಎದುರುಬದುರು ನಿಂತಿತು. ಈ ಕಥೆ ತಿಳಿದು ಬಿಜಾಪುರಕ್ಕೆ ಹೋದರೆ ಗೋಲ ಗುಮ್ಮಟ ಬೇರೆಯೇ ಕಾಣುತ್ತದೆ. ಅದಕ್ಕೇ ಮೊದಲು ಬೀದರ್, ಆಮೇಲೆ ಬಿಜಾಪುರ ಎಂದು ನಾನು ಹೇಳುವುದು.

ಬೀದರಿಗೆ ಉಳಿದದ್ದು ಬರೀದ್ ಶಾಹಿಗಳ ಸಣ್ಣ ರಾಜ್ಯ. 1619ರಲ್ಲಿ ಅದನ್ನು ಬಿಜಾಪುರ ನುಂಗಿತು, 1657ರಲ್ಲಿ ಮೊಗಲರು ಗೆದ್ದರು, ಆಮೇಲೆ ನಿಜಾಮರ ಜಿಲ್ಲೆ. ಊರು ಬೆಳೆಯಲಿಲ್ಲ, ಆದ್ದರಿಂದಲೇ ಉಳಿಯಿತು. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ಹಂಚಿದಾಗ ಹಳೆಯ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಉದಗೀರ್, ನಿಲಂಗಾ ಕಡೆಯ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಇಂದಿಗೂ ಬೀದರಿನ ಪೇಟೆಯಲ್ಲಿ ಒಂದೇ ಅಂಗಡಿಯವನು ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕನ್ನೂ ಗಿರಾಕಿಯ ಮುಖ ನೋಡಿ ಬದಲಿಸುತ್ತಾನೆ. ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಮರಾಠಿ-ಹಿಂದಿ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಇದೇನು ವಿಚಿತ್ರ ಎನಿಸುವುದಿಲ್ಲ. ಬೆಂಗಳೂರಿನ ನೆಂಟರ ಮಕ್ಕಳಿಗಿಂತ ಇವರಿಗೇ ಆ ಪೇಟೆ ಬೇಗ ಒಗ್ಗುತ್ತದೆ.

ಹಾಗಾದರೆ ಎರಡು ದಿನ ಕಳೆಯುವುದು ಹೇಗೆ? ಮುಂಬಯಿಯಿಂದ ಬೀದರಿಗೆ ನೇರ ರೈಲು ವಾರದಲ್ಲಿ ಕೆಲವು ದಿನ ಮಾತ್ರ. ಉಳಿದ ದಿನ ಕಲಬುರಗಿಯವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. 2017ರ ಅಕ್ಟೋಬರಿನಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗವೂ ತೆರೆದಿದೆ. ಹೈದರಾಬಾದಿನಲ್ಲಿರುವ ನಿಮ್ಮ ಬಂಧುಗಳಿಗಂತೂ ಬೀದರ್ ಸುಮಾರು 140 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಊರಲ್ಲಿ. ಅವರನ್ನೂ ಕರೆದುಕೊಳ್ಳಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಲೇಸು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ಕೆಂಪು ಕಲ್ಲಿನ ಮೇಲೆ ಮಕ್ಕಳನ್ನು ನಡೆಸುವುದು ಬೇಡ.

ಮೊದಲ ದಿನ ಬೆಳಿಗ್ಗೆ ಕೋಟೆ, ಮಧ್ಯಾಹ್ನ ಜೋಳದ ರೊಟ್ಟಿ ಊಟ, ಇಳಿಹೊತ್ತಿನಲ್ಲಿ ಮದರಸಾ. ಅಲ್ಲಿಂದ ಚೌಬಾರದವರೆಗೆ ನಡೆದುಕೊಂಡೇ ಹೋಗಬಹುದು. ನಾಲ್ಕು ರಸ್ತೆ ಸೇರುವಲ್ಲಿ ದುಂಡಗಿನ ಕಾವಲು ಗೋಪುರ ಅದು. ಸುತ್ತಮುತ್ತಲ ಬೀದಿಗಳಲ್ಲಿ ಬಿದ್ರಿ ಕೆಲಸದವರಿದ್ದಾರೆ. ಅಂಗಡಿಯಲ್ಲಿ ಪೆಟ್ಟಿಗೆಯೊಳಗಿನ ಹೂದಾನಿ ಕೊಳ್ಳುವ ಮೊದಲು ಕೆಲಸ ನಡೆಯುವಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನಯ ಮಾಡಿ, ಉಳಿಯಲ್ಲಿ ಹೂಬಳ್ಳಿ ಕೊರೆದು, ಆ ಗೆರೆಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಆಗ ಇಡೀ ಪಾತ್ರೆ ಬೆಳ್ಳಗೇ ಕಾಣುತ್ತದೆ, ಬೆಳ್ಳಿ ಎಲ್ಲಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳ ಬಿಸಿಲು ಮಳೆ ಕಾಣದ ಮೂಲೆಯಿಂದ ತಂದ ಮಣ್ಣಿಗೆ ನವಸಾಗರ ಸೇರಿಸಿ ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದೆಂದು ಹಿರಿಯ ಕೆಲಸಗಾರರು ನಾಲಗೆಯ ಮೇಲಿಟ್ಟು ಹೇಳುತ್ತಾರೆ. ಬೆಲೆ ಜಾಸ್ತಿ ಎಂದು ಚೌಕಾಸಿಗೆ ಇಳಿಯುವ ಮುನ್ನ ಒಂದು ಗೇಣುದ್ದದ ಬಳ್ಳಿ ಕೊರೆಯಲು ಎಷ್ಟು ಹೊತ್ತಾಯಿತು ಎಂದು ಕೇಳಿ ನೋಡಿ.

ಎರಡನೆಯ ದಿನ ಅಷ್ಟೂರು. ಊರಿನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್, ಹೊಲಗಳ ನಡುವೆ ಸಾಲಾಗಿ ಬಹಮನಿ ಸುಲ್ತಾನರ ಗುಮ್ಮಟಗಳು. ಒಂದರ ಅರ್ಧ ಸಿಡಿಲಿಗೆ ಸೀಳಿಹೋಗಿದೆ. ಕ್ರೂರಿ ಎಂದು ಹೆಸರಾದ ಹುಮಾಯೂನನ ಗೋರಿ ಅದು. ಊರವರು ಅದಕ್ಕೂ ಇದಕ್ಕೂ ಗಂಟು ಹಾಕಿ ಕಥೆ ಹೇಳುತ್ತಾರೆ. ನೀವು ಒಳಗೆ ಹೋಗಬೇಕಾದ್ದು ಅಹ್ಮದ್ ಷಾನ ಗೋರಿಗೆ. ಮೊದಲು ಕತ್ತಲೆ, ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗೋಡೆ, ಗುಮ್ಮಟದ ಒಳಮೈ ಎಲ್ಲ ಕೆಂಪು, ಹೊನ್ನಿನ ಬಣ್ಣದ ಬರಹ ಮತ್ತು ಬಳ್ಳಿಗಳಿಂದ ತುಂಬಿರುವುದು ಕಾಣುತ್ತದೆ. ಆರುನೂರು ವರ್ಷದ ಹತ್ತಿರದ ಬಣ್ಣ. ದಯವಿಟ್ಟು ಫ್ಲ್ಯಾಷ್ ಬೇಡ.

ಈ ಸುಲ್ತಾನನಿಗೆ 'ವಲಿ', ಅಂದರೆ ಸಂತ ಎಂಬ ಹೆಸರು ಬಂದಿದೆ. ಸುತ್ತಲಿನ ಹಳ್ಳಿಗಳ ಅನೇಕರು ಅವನನ್ನು ಅಲ್ಲಮಪ್ರಭು ಎಂದೇ ನಂಬುತ್ತಾರೆ. ಹೋಳಿ ಹುಣ್ಣಿಮೆಯ ನಂತರ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರ ಜೊತೆ ನಡೆದುಕೊಂಡು ಬರುತ್ತಾರೆ, ಪೂಜೆಯಲ್ಲಿ ಅವರಿಗೆ ಮೊದಲ ಸ್ಥಾನ. ತೆಂಗಿನಕಾಯಿ ಒಡೆಯುವುದು, ಫಾತಿಹಾ ಓದುವುದು ಒಂದೇ ಗುಮ್ಮಟದ ಕೆಳಗೆ. ಬಸವಣ್ಣನವರ ಕಲ್ಯಾಣ ಇಲ್ಲಿಂದ ದೂರವಿಲ್ಲ. ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯಲ್ಲಿ ಮರಳುವವರು ಬಸವಕಲ್ಯಾಣಕ್ಕೆ ತಿರುಗಿಕೊಂಡು ಹೋಗಬಹುದು, ಆದರೆ ಅದಕ್ಕೆ ಅರ್ಧ ದಿನ ಎತ್ತಿಡಿ, ಓಡುತ್ತ ನೋಡುವ ಊರಲ್ಲ ಅದು.

ಊರ ಹೊರಗೆ ಇನ್ನೊಂದು ಜಾಗವಿದೆ. ಪ್ರವಾಸದ ಗಾಡಿಗಳು ಅಲ್ಲಿ ನಿಲ್ಲುವುದು ಕಡಿಮೆ. ಗುಮ್ಮಟವಿಲ್ಲ, ಕಮಾನಿಲ್ಲ, ಬಣ್ಣವಂತೂ ಇಲ್ಲ. ಒಂದು ಕಟ್ಟೆಯ ಮೇಲೆ ಬಯಲಿನಲ್ಲೇ ಇರುವ ಸಾದಾ ಗೋರಿ. ಮಹಮೂದ್ ಗವಾನನದು. ಆಟೋದವರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ, ಇಲ್ಲವಾದರೆ 'ಅಲ್ಲೇನಿದೆ ಸಾರ್' ಎಂದು ವಾಪಸು ಸ್ಟೇಷನ್ನಿಗೆ ಬಿಡುತ್ತಾರೆ.